ಕಲ್ಮಿಕರು 1771ರಲ್ಲಿ ವೋಲ್ಗಾ ಬಿಟ್ಟು ಹೊರಟಿದ್ದೇಕೆ? ರಷ್ಯಾ ಜೊತೆಗಿನ ಸಂಬಂಧದ ಬಗ್ಗೆ ಮಾತಾಡೋಣ

ಹುಲ್ಲುಗಾವಲ ದಾರಿ

1771ರ ಜನವರಿ. ವೋಲ್ಗಾ ನದಿಯ ಪೂರ್ವ ದಡದಲ್ಲಿ ಬೀಡುಬಿಟ್ಟಿದ್ದ ಕಲ್ಮಿಕರು ಗುಡಾರ ಕಿತ್ತರು. ಮೂವತ್ತು ಸಾವಿರದಷ್ಟು ಕುಟುಂಬ, ಅಂದರೆ ಸುಮಾರು ಒಂದೂವರೆ ಲಕ್ಷ ಜನ. ಕುರಿ, ಕುದುರೆ, ದನ, ಒಂಟೆ ಎಲ್ಲ ಹೊಡೆದುಕೊಂಡು, ಮುದುಕರು ಮಕ್ಕಳನ್ನೂ ಕಟ್ಟಿಕೊಂಡು ಚೀನಾ ಗಡಿಯ ಇಲಿ ನದಿ ಕಡೆಗೆ ಹೊರಟರು. ಬೇಸಿಗೆಯಲ್ಲಿ ಅಲ್ಲಿಗೆ ತಲುಪಿದವರು ಎಪ್ಪತ್ತು ಸಾವಿರದ ಆಸುಪಾಸು. ಉಳಿದವರಲ್ಲಿ ಚಳಿಗೆ, ಹಸಿವಿಗೆ, ಬಾಯಾರಿಕೆಗೆ ಸತ್ತವರು ಎಷ್ಟೋ, ದಾರಿಯ ಹುಲ್ಲುಗಾವಲಿನ ಅಲೆಮಾರಿಗಳಾದ ಕಜಾಕರ ಕೈಗೆ ಸೆರೆಸಿಕ್ಕವರು ಎಷ್ಟೋ.

ಇವರೇನು ರಷ್ಯಾದ ಪಕ್ಕಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. ಮೂಲದಲ್ಲಿ ಪಶ್ಚಿಮ ಮಂಗೋಲರು, ಓಯಿರಾತ್ ಜನ. ತೊರ್ಗುತ್ ಪಂಗಡದ ನಾಯಕ ಖೋ ಒರ್ಲುಕ್ ತನ್ನ ಜನರ ಜೊತೆ ಸೈಬೀರಿಯಾದ ದಕ್ಷಿಣ ಅಂಚಿನಲ್ಲಿ ಮೇಯಿಸುತ್ತಾ ಮೇಯಿಸುತ್ತಾ ಪಶ್ಚಿಮಕ್ಕೆ ಸರಿದು, 1630ರ ಹೊತ್ತಿಗೆ ಕೆಳ ವೋಲ್ಗಾ ತಲುಪಿದ. ಧರ್ಮ ಟಿಬೆಟಿನ ಬೌದ್ಧ ಧರ್ಮ. 1648ರಲ್ಲಿ ಜಾಯ ಪಂಡಿತ ಎಂಬ ಭಿಕ್ಷು ಇವರ ಮಾತಿಗೆ ಹೊಂದುವ ಲಿಪಿಯನ್ನೂ ಮಾಡಿಕೊಟ್ಟ. ಒಂದು ಕಾಲಕ್ಕೆ ರಷ್ಯಾದ ದಕ್ಷಿಣ ಗಡಿಯನ್ನು ಕಾಯುತ್ತಿದ್ದದ್ದೇ ಇವರ ಕುದುರೆ ದಂಡು. ಅಂಥವರು ಇದ್ದದ್ದನ್ನೆಲ್ಲ ಪಣಕ್ಕಿಟ್ಟು ಓಡಿಹೋಗುವ ಹಾಗೆ ಆಗಿದ್ದೇಕೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಷ್ಯಾ ಈ ಜನರ ಮೇಲೆ ದಂಡೆತ್ತಿ ಹೋಗಿ ನಾಡು ಗೆಲ್ಲಲಿಲ್ಲ. ಮೊದಲು ಆಣೆ ಮಾಡಿಸಿತು. ಆಮೇಲೆ ಉಡುಗೊರೆ, ವರ್ಷಾಶನ ಕೊಟ್ಟಿತು. ಆಮೇಲೆ ಕೋಟೆಗಳ ಸಾಲು ಬಂತು, ಹಿಂದೆಯೇ ರೈತರು ಬಂದರು. ಕೊನೆಗೆ ಖಾನನ, ಅಂದರೆ ಇವರ ದೊರೆಯ, ನ್ಯಾಯಪಂಚಾಯ್ತಿಯೊಳಗೇ ಕೈ ಹಾಕಿತು. ಪ್ರತಿ ಹೆಜ್ಜೆಯೂ ಚಿಕ್ಕದು, ಆಯಾ ಹೊತ್ತಿಗೆ ಸಹಿಸಿಕೊಳ್ಳಬಹುದು ಅನ್ನಿಸುವಂಥದ್ದು. ಎಲ್ಲ ಸೇರಿದಾಗ ಉಸಿರಾಡಲು ಜಾಗ ಇರಲಿಲ್ಲ. ನಿಮಗೆ ಏನನ್ನಿಸುತ್ತದೆ?

ಕೋಟೆ ಕೊತ್ತಲ

ಒಳ್ಳೇ ವಿಷಯ ಎತ್ತಿದಿರಿ. ಆದರೆ ಒಂದು ಮಾತು. ಕಲ್ಮಿಕರನ್ನು ಬರೀ ಪಾಪದ ಜನ ಅಂತ ನೋಡಬಾರದು. ಅವರು ಬಂದಾಗ ವೋಲ್ಗಾ ಹುಲ್ಲುಗಾವಲು ಖಾಲಿ ಇರಲಿಲ್ಲ, ಅಲ್ಲಿ ನೊಗಾಯ್ ಎಂಬ ಅಲೆಮಾರಿ ಜನ ಇದ್ದರು. ಅವರಲ್ಲಿ ಎಷ್ಟೋ ಜನರನ್ನು ಕಲ್ಮಿಕರು ನದಿ ದಾಟಿಸಿ ಪಶ್ಚಿಮಕ್ಕೆ ಅಟ್ಟಿದರು, ಉಳಿದವರನ್ನು ತಮ್ಮ ಕೈಕೆಳಗೆ ಹಾಕಿಕೊಂಡರು. ಖೋ ಒರ್ಲುಕ್ ಸತ್ತಿದ್ದೂ 1644ರಲ್ಲಿ ಉತ್ತರ ಕಾಕಸಸ್ಸಿನ ಮೇಲೆ ದಾಳಿಗೆ ಹೋದಾಗಲೇ. ರಷ್ಯಾದ ಹಳ್ಳಿಗಳ ಮೇಲೂ ದಾಳಿ ಮಾಡಿ ಜನರನ್ನು ಸೆರೆ ಹಿಡಿದು ಒಯ್ದದ್ದುಂಟು.

ಮಾಸ್ಕೋಗೆ ಆಗ ದೊಡ್ಡ ತಲೆನೋವು ಕ್ರಿಮಿಯಾದ ತಾತಾರರು. ಅವರ ವೇಗಕ್ಕೆ ರಷ್ಯಾದ ಕಾಲಾಳುಗಳು ಸಾಟಿಯೇ ಅಲ್ಲ. ಕಲ್ಮಿಕರು ಸಾಟಿ. ಸರಂಜಾಮು ಕಡಿಮೆ, ಓಟ ಜಾಸ್ತಿ, ಬಿಲ್ಲು ಭರ್ಜಿ ಎರಡರಲ್ಲೂ ಪಳಗಿದವರು. ವೋಲ್ಗಾ ಸಮುದ್ರ ಸೇರುವ ಕಡೆಯ ಅಸ್ತ್ರಾಖಾನ್ ಊರು ರಷ್ಯಾದ ಕೈಗೆ ಬಂದದ್ದು 1556ರಲ್ಲಿ. ನೂರು ವರ್ಷದ ನಂತರವೂ ಕೋಟೆಯ ಗೋಡೆಯಾಚೆ ಅವರ ಹಿಡಿತ ಅಷ್ಟಕ್ಕಷ್ಟೇ. ಹಾಗಾಗಿ ಇಬ್ಬರಿಗೂ ಒಬ್ಬರು ಇನ್ನೊಬ್ಬರಿಂದ ಆಗಬೇಕಾದ ಕೆಲಸ ಇತ್ತು. ಇದನ್ನು ಬರೀ ದೊಡ್ಡವನು ಚಿಕ್ಕವನನ್ನು ನುಂಗಿದ ಕಥೆ ಅನ್ನೋಕಾಗಲ್ಲ.

ಹುಲ್ಲುಗಾವಲ ದಾರಿ

ನೊಗಾಯ್ ಜನರ ವಿಷಯ ನಿಜ, ಅದನ್ನು ಬಿಟ್ಟು ಈ ಇತಿಹಾಸ ಹೇಳಬಾರದು. ಆದರೆ ಇಬ್ಬರಿಗೂ ಲಾಭ ಇದ್ದ ಆ ಮೊದಲ ಕಾಲದಲ್ಲೇ ಮುಂದಿನ ಜಗಳದ ಬೀಜವೂ ಇತ್ತು. ಆಣೆ ಹೇಗೆ ಆಗುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಿ.

1655ರಿಂದ ಆಚೆಗೆ ಇಂಥ ಆಣೆಗಳು ಮತ್ತೆ ಮತ್ತೆ ಆದವು. ಕಲ್ಮಿಕ್ ನಾಯಕ, ಅಂದರೆ ತೈಶಿ, ಬುದ್ಧನ ಮೂರ್ತಿಗೆ, ಪವಿತ್ರ ಗ್ರಂಥಕ್ಕೆ, ಜಪಮಾಲೆಗೆ ಮುತ್ತಿಡುತ್ತಾನೆ. ಆಮೇಲೆ ತನ್ನ ಚಾಕು ತೆಗೆದು ಅಲಗನ್ನು ನೆಕ್ಕಿ, ಗಂಟಲಿಗೆ ಒತ್ತಿ ಹಿಡಿಯುತ್ತಾನೆ. ಮಾತಿಗೆ ತಪ್ಪಿದರೆ ಇದೇ ಚಾಕು ನನ್ನ ಕತ್ತಿಗೆ ಅಂತ. ಅವನ ಮಟ್ಟಿಗೆ ಇದು ಇಬ್ಬರು ಒಡೆಯರ ನಡುವೆ ನಡೆದ ಶಾಂತಿ ಒಪ್ಪಂದ. ನೀನು ನನ್ನ ಶತ್ರುವಿನ ಮೇಲೆ ಬಾ, ನಾನು ನಿನ್ನ ಶತ್ರುವಿನ ಮೇಲೆ ಬರುತ್ತೇನೆ. ಅದೇ ಹೊತ್ತಿಗೆ ರಷ್ಯಾದ ಗುಮಾಸ್ತ ಬರೆದ ಕಾಗದದಲ್ಲಿ ಇರುವುದು ಬೇರೆ: ಈ ತೈಶಿ ಮತ್ತು ಇವನ ಜನರೆಲ್ಲ ಎಂದೆಂದಿಗೂ ತ್ಸಾರನ ಪ್ರಜೆಗಳು.

ತೈಶಿಗೆ ವರ್ಷಕ್ಕೊಮ್ಮೆ ಹಣ, ಬಟ್ಟೆ, ಉಡುಗೊರೆ ಬರುತ್ತಿತ್ತು. ಮಾಸ್ಕೋದ ಲೆಕ್ಕದಲ್ಲಿ ಅದು ಸೇವಕನಿಗೆ ಕೊಟ್ಟ ಸಂಬಳ. ತೈಶಿಯ ಲೆಕ್ಕದಲ್ಲಿ ಅದು ತನಗೆ ಸಲ್ಲಬೇಕಾದ ಪಾಲು, ನಿಂತರೆ ಒಪ್ಪಂದ ಮುರಿದ ಹಾಗೆ. ಉಡುಗೊರೆ ತಡವಾದಾಗೆಲ್ಲ ದಾಳಿಗಳು ಶುರುವಾಗುತ್ತಿದ್ದವು. ಮಾಸ್ಕೋ ಅದನ್ನು ದ್ರೋಹ ಅಂತ ಬರೆದುಕೊಳ್ಳುತ್ತಿತ್ತು.

ಇತಿಹಾಸಪ್ರಿಯೆ

ಆಯುಕ ಖಾನನ ಹೆಸರು ಇನ್ನೂ ಬರಲಿಲ್ಲವಲ್ಲ! ಆ ಮನುಷ್ಯನನ್ನು ಬಿಟ್ಟರೆ ಈ ಕಥೆಯ ನಡುಬೆನ್ನೇ ಇಲ್ಲ. ಖೋ ಒರ್ಲುಕ್‌ನ ಮರಿಮಗ. 1670ರ ಸುಮಾರಿಗೆ ಅಧಿಕಾರ ಹಿಡಿದು 1724ರಲ್ಲಿ ಸಾಯುವವರೆಗೆ ಐವತ್ತು ವರ್ಷಕ್ಕೂ ಜಾಸ್ತಿ ಆಳಿದವನು. ಅವನಿಗೆ ಖಾನ್ ಪದವಿ ಮತ್ತು ಮುದ್ರೆ ಬಂದದ್ದು ಲಾಸಾದಿಂದ, ದಲೈ ಲಾಮಾ ಕಡೆಯಿಂದ. ಮಾಸ್ಕೋದಿಂದ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1697ರಲ್ಲಿ ರಷ್ಯಾದ ಪೀಟರ್ ದೊರೆ ಯುರೋಪ್ ಪ್ರವಾಸಕ್ಕೆ ಹೋದಾಗ ದಕ್ಷಿಣ ಗಡಿಯ ಜವಾಬ್ದಾರಿ ಹೊತ್ತಿದ್ದ ಬೊರಿಸ್ ಗೊಲಿತ್ಸಿನ್ ಆಯುಕನ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಅದರಲ್ಲಿ ರಷ್ಯಾವೇ ಮಾತು ಕೊಟ್ಟಿದ್ದು ಜಾಸ್ತಿ. ವರ್ಷ ವರ್ಷ ಕೋವಿಮದ್ದು, ಸೀಸ ಕೊಡಬೇಕು. ಉರಾಲ್ ಕಡೆಯ ಬಷ್ಕೀರರು, ರಷ್ಯಾದ ಗಡಿ ಕಾಯುವ ಕುದುರೆ ಸವಾರರಾದ ಕೊಸಾಕರು (ಕಜಾಕರಲ್ಲ, ಅವರು ಬೇರೆ) ಕಲ್ಮಿಕರ ತಂಟೆಗೆ ಬರದ ಹಾಗೆ ನೋಡಿಕೊಳ್ಳಬೇಕು. ಓಡಿಬಂದ ಕಲ್ಮಿಕರಿಗೆ ಕ್ರೈಸ್ತ ದೀಕ್ಷೆ ಕೊಡಬಾರದು. ಒಬ್ಬ ಅಧೀನ ಸಾಮಂತನಿಗೆ ಇಂಥ ಮಾತು ಕೊಡುತ್ತಾರಾ?

ನನಗೆ ತುಂಬಾ ಹಿಡಿಸಿದ ಪ್ರಸಂಗ 1715ರದ್ದು. ಉತ್ತರ ಕಾಕಸಸ್ಸಿನ ಕುಬಾನ್ ನದಿ ಕಡೆಯ ತಾತಾರ್ ಸುಲ್ತಾನ ಬಖ್ತಿ ಗಿರಾಯ್ ಅಸ್ತ್ರಾಖಾನ್ ಹತ್ತಿರ ಆಯುಕನ ಬೀಡಿನ ಮೇಲೇ ಬಿದ್ದ. ಖಾನನ ಸ್ವಂತ ಗುಡಾರಗಳೂ ಲೂಟಿಯಾದವು. ರಷ್ಯಾದ ದಂಡು ಬೆಕೊವಿಚ್ ಚೆರ್ಕಾಸ್ಕಿಯ ಕೈಕೆಳಗೆ ಅಲ್ಲೇ ನಿಂತಿತ್ತು. ಆಯುಕ ಸಹಾಯ ಕೇಳಿದ. ತ್ಸಾರನ ಅಪ್ಪಣೆ ಇಲ್ಲದೆ ಗುಂಡು ಹಾರಿಸುವಂತಿಲ್ಲ ಅಂತ ಉತ್ತರ ಬಂತು. ಎರಡು ವರ್ಷ ಕಳೆಯಿತು. 1717ರಲ್ಲಿ ಅದೇ ಬಖ್ತಿ ಗಿರಾಯ್ ರಷ್ಯಾದ ಪೆಂಜಾ ಪ್ರಾಂತ್ಯದವರೆಗೂ ನುಗ್ಗಿ ಸಾವಿರಾರು ಜನರನ್ನು ಹಿಡಿದುಕೊಂಡು ಹೋದ. ಈಗ ರಷ್ಯಾದವರು ಆಯುಕನ ಬಳಿ ಓಡಿದರು. ನನಗೂ ತ್ಸಾರನ ಅಪ್ಪಣೆ ಬಂದಿಲ್ಲ ಅಂದ ಮುದುಕ! ಅಷ್ಟೇ. ಕದಲಲಿಲ್ಲ.

1722ರಲ್ಲಿ ಪೀಟರ್ ಪರ್ಷಿಯಾದ ದಂಡಯಾತ್ರೆಗೆ ಹೊರಟಾಗ ಸರಾತೋವ್ ಹತ್ತಿರ ತನ್ನ ಹಡಗಿನ ಮೇಲೆ ಆಯುಕನನ್ನೂ ಅವನ ರಾಣಿ ದರ್ಮಬಾಲಳನ್ನೂ ಬರಮಾಡಿಕೊಂಡ. ಸ್ಕಾಟ್ಲೆಂಡಿನ ವೈದ್ಯ ಜಾನ್ ಬೆಲ್ ಆ ಪಯಣದಲ್ಲಿದ್ದ, ಬರೆದಿಟ್ಟಿದ್ದಾನೆ. ಪೀಟರ್ ಹತ್ತು ಸಾವಿರ ಸವಾರರನ್ನು ಕೇಳಿದ. ಹತ್ತು ಸಾವಿರವೂ ನಿಮ್ಮವೇ, ಆದರೆ ನಿಮ್ಮ ಕೆಲಸಕ್ಕೆ ಅರ್ಧವೇ ಧಾರಾಳ ಅಂದ ಆಯುಕ. ಅಲ್ಲೇ ಐದು ಸಾವಿರ ಜನಕ್ಕೆ ಹೊರಡಲು ಹೇಳಿದ. ಇದಕ್ಕಿಂತ ಜಾಣ ಗೆಳೆಯ ಯಾವ ಸಾಮ್ರಾಜ್ಯಕ್ಕೂ ಸಿಕ್ಕಿರಲಾರ.

ಪ್ರಶ್ನೆಗಾರ

ಮೇಡಂ, ಹಾಗಾದರೆ ಆಯುಕನ ಕಾಲದವರೆಗೆ ಸರಿಯಾಗೇ ಇತ್ತು ಅಂತಾಯ್ತು. ಕೆಟ್ಟಿದ್ದು ಯಾವಾಗ? ಅವನು ಸತ್ತ ಮೇಲಾ?

ಹುಲ್ಲುಗಾವಲ ದಾರಿ

ಅವನು ಬದುಕಿದ್ದಾಗಲೇ ಶುರುವಾಗಿತ್ತು. ಇಸವಿ ಹೇಳು ಅಂದರೆ ನಾನು 1718 ಅನ್ನುತ್ತೇನೆ. ಆ ವರ್ಷ ರಷ್ಯಾ ತ್ಸಾರಿತ್ಸಿನ್ ಊರಿನಿಂದ (ಇಂದಿನ ವೋಲ್ಗೊಗ್ರಾಡ್) ಡಾನ್ ನದಿಯವರೆಗೆ ಕಂದಕ, ಮಣ್ಣಿನ ದಿಬ್ಬ, ನಡುನಡುವೆ ಕೋಟೆ ಕಟ್ಟಲು ಶುರುಮಾಡಿತು. ವೋಲ್ಗಾ ಮತ್ತು ಡಾನ್ ತೀರಾ ಹತ್ತಿರ ಬರುವ ಜಾಗ ಅದು, ನಡುವೆ ಸುಮಾರು 60 ಕಿಲೋಮೀಟರ್ ಮಾತ್ರ. ಕುಬಾನ್ ತಾತಾರರು ಮತ್ತೆ ನುಗ್ಗಬಾರದು ಅಂತ ಕಟ್ಟಿದ್ದು, ಇತಿಹಾಸಪ್ರಿಯೆ ಮೇಡಂ ಹೇಳಿದ 1717ರ ದಾಳಿಯ ನಂತರ. ಆದರೆ ಕಲ್ಮಿಕರು ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುತ್ತಿದ್ದ ದಾರಿಗೂ ಅದೇ ಅಡ್ಡ ಬಂತು.

ಅಲೆಮಾರಿ ಅಂದರೆ ಮನಸ್ಸು ಬಂದ ಕಡೆ ಹೋಗುವವನು ಅಂತ ಜನ ಸುಮ್ನೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರತಿ ಉಲುಸಿಗೂ, ಅಂದರೆ ಒಬ್ಬ ನಾಯಕನ ಕೆಳಗಿನ ಜನಕ್ಕೂ, ತನ್ನದೇ ದಾರಿ, ತನ್ನದೇ ನೀರು. ಚಳಿಗಾಲಕ್ಕೆ ದಕ್ಷಿಣದಲ್ಲಿ ಕ್ಯಾಸ್ಪಿಯನ್ ದಡ, ಕುಮಾ ನದಿಯ ಜೊಂಡು. ಜೊಂಡು ಗಾಳಿ ತಡೆಯುತ್ತದೆ, ಉರುವಲಿಗೂ ಆಗುತ್ತದೆ. ಬೇಸಿಗೆಯಲ್ಲಿ ದಕ್ಷಿಣದ ಹುಲ್ಲು ಸುಟ್ಟುಹೋಗುತ್ತದೆ, ಆಗ ಉತ್ತರಕ್ಕೆ. ಚಳಿಗಾಲದಲ್ಲಿ ಮೇಯಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಕುದುರೆ ಬಿಡುತ್ತಾರೆ. ಕುದುರೆ ಗೊರಸಿನಲ್ಲಿ ಹಿಮ ಕೆದಕಿ ಮೇಲಿನ ಹುಲ್ಲು ತಿನ್ನುತ್ತದೆ. ಕೆದಕಿದ ಜಾಗದಲ್ಲಿ ಹಿಂದಿನಿಂದ ದನ, ಕುರಿ. ಹಿಮ ಅರ್ಧ ಕರಗಿ ಮತ್ತೆ ಗಟ್ಟಿಯಾಗಿ ಮಂಜುಗಡ್ಡೆಯ ಹೊದಿಕೆ ಕೂತರೆ ಕುದುರೆಗೂ ಒಡೆಯೋಕಾಗಲ್ಲ. ಅಂಥ ವರ್ಷ ಮಂದೆಗೆ ಮಂದೆಯೇ ನೆಲ ಹಿಡಿಯುತ್ತದೆ. ಆಗ ಉಳಿಯುವ ಉಪಾಯ ಒಂದೇ, ಬೇಗ ಬೇರೆ ಕಡೆ ಸರಿಯುವುದು. ಸರಿಯಲು ಜಾಗ ಬೇಕಲ್ಲ?

ಆ ಜಾಗ ಒಂದೊಂದಾಗಿ ಹೋಯಿತು. 1730ರ ದಶಕದಲ್ಲಿ ತ್ಸಾರಿತ್ಸಿನ್ ಮೇಲ್ಗಡೆ ವೋಲ್ಗಾ ಉದ್ದಕ್ಕೂ ಕೊಸಾಕರನ್ನು ತಂದು ಕೂರಿಸಿದರು. ಪೂರ್ವದಲ್ಲಿ ಯಾಯಿಕ್ ನದಿಯ (ಇಂದಿನ ಉರಾಲ್) ಕೋಟೆ ಸಾಲು. 1762, 63ರಲ್ಲಿ ಕ್ಯಾಥರೀನ್ ರಾಣಿ ಜರ್ಮನ್ ರೈತರನ್ನು ಕರೆದಳು, ಅವರಿಗೆ ವೋಲ್ಗಾದ ಎರಡೂ ದಡದಲ್ಲಿ ಭೂಮಿ. 1765ರಲ್ಲಿ ತ್ಸಾರಿತ್ಸಿನ್ ಪಕ್ಕದಲ್ಲೇ ಸರೆಪ್ತಾ ಎಂಬ ಜರ್ಮನ್ ಕ್ರೈಸ್ತ ವಸಾಹತು ಎದ್ದಿತು. ಕಲ್ಮಿಕರಿಗೆ ಧರ್ಮಬೋಧನೆ ಮಾಡುವುದೂ ಅವರ ಗುರಿಗಳಲ್ಲಿ ಒಂದು. ಉತ್ತ ಹೊಲಕ್ಕೆ ಮಂದೆ ನುಗ್ಗಿದರೆ ಜಗಳ. ಜಗಳ ಅಸ್ತ್ರಾಖಾನ್ ಗವರ್ನರ್ ಮುಂದೆ. ಅಲ್ಲಿ ತೀರ್ಪು ಯಾರ ಕಡೆ ಆಗುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಹುಲ್ಲು ಕಡಿಮೆಯಾದರೆ ಕುರಿ ಕಡಿಮೆ. ಕುರಿ ಕಳೆದುಕೊಂಡ ಬಡವರು ವೋಲ್ಗಾದ ಮೀನುಗಾರಿಕೆಗೆ ಕೂಲಿಗೆ ಹೋದರು. ಅಲ್ಲಿಂದ ವಾಪಸ್ ಬರುವುದು ಕಷ್ಟವಾಗಿತ್ತು.

ತುಂಗಾತೀರ

ಮೀನುಗಾರಿಕೆಯ ಜೊತೆ ಇನ್ನೊಂದು ಸೇರಿಸಿ, ದೀಕ್ಷೆ. ಸಾಲ ಮಾಡಿದವನು, ಒಡೆಯನ ಜೊತೆ ಜಗಳ ಆದವನು, ತಪ್ಪು ಮಾಡಿದವನು, ಎಲ್ಲರೂ ರಷ್ಯಾದ ಊರಿಗೆ ಓಡಿಹೋಗಿ ಕ್ರೈಸ್ತರಾಗಿಬಿಟ್ಟರೆ ಮುಗೀತು, ವಾಪಸ್ ಕೊಡುವಂತಿಲ್ಲ. ಕಲ್ಮಿಕ್ ನಾಯಕನ ಸಂಪತ್ತು ಅಂದರೆ ಜನ. ಜನ ಹೋದರೆ ತೆರಿಗೆ ಹೋಯಿತು, ಸವಾರ ಹೋದ. ಖಾನರು ಕಳಿಸಿದ ದೂರುಗಳಲ್ಲಿ ಈ ವಿಷಯ ಮತ್ತೆ ಮತ್ತೆ ಬರುತ್ತದೆ.

ಆಯುಕನ ಸ್ವಂತ ಮೊಮ್ಮಗನೇ 1724ರಲ್ಲಿ ದೀಕ್ಷೆ ತಗೊಂಡು ಪ್ಯೋತರ್ ತೈಶಿನ್ ಆದ, ಪೀಟರ್ ದೊರೆಯೇ ಧರ್ಮಪಿತ. ದೀಕ್ಷೆ ಪಡೆದ ಕಲ್ಮಿಕರಿಗಾಗಿ 1730ರ ದಶಕದ ಕೊನೆಯಲ್ಲಿ ವೋಲ್ಗಾ ಮೇಲೆ ಸ್ತಾವ್ರೊಪೊಲ್ ಎಂಬ ಊರನ್ನೇ ಕಟ್ಟಿದರು. ತೈಶಿನ್ ಅಷ್ಟರಲ್ಲಿ ಸತ್ತಿದ್ದ, ಹೆಂಡತಿ ಆನ್ನಾ ಜನರನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಕುದುರೆ ಮೇಯಿಸುವವರಿಗೆ ಬೇಸಾಯ ಕಲಿಸುವ ಪ್ರಯತ್ನ ಅಲ್ಲಿ ನಡೆಯಿತು. ಆ ಹಳೇ ಊರು 1950ರ ದಶಕದಲ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇರೆ ಕಡೆ ಕಟ್ಟಿದ ಊರೇ ಇವತ್ತಿನ ತೊಲ್ಯಾತ್ತಿ, ಲಾಡಾ ಕಾರು ತಯಾರಾಗುವ ಊರು.

ಕೋಟೆ ಕೊತ್ತಲ

ಹುಲ್ಲು, ದೀಕ್ಷೆ ಎಲ್ಲ ಒಪ್ಪುತ್ತೇನೆ. ಆದರೆ ಇವೆಲ್ಲ ಐವತ್ತು ವರ್ಷದಿಂದ ಇದ್ದ ತೊಂದರೆಗಳು. 1771ರಲ್ಲೇ ಯಾಕೆ ಹೊರಟರು? ಇಲ್ಲಿ ಮನುಷ್ಯರ ಹೆಸರು ಹೇಳಲೇಬೇಕು. 1771ರಲ್ಲಿ ಜನರನ್ನು ಕರೆದೊಯ್ದ ಉಬಾಶಿ ಪಟ್ಟಕ್ಕೆ ಬಂದದ್ದು 1761ರಲ್ಲಿ, ಹದಿಹರೆಯದ ಹುಡುಗ. ಪಕ್ಕದಲ್ಲಿ ತ್ಸೆಬೆಕ್ ದೊರ್ಜಿ ಎಂಬ ಬಂಧು. ಪಟ್ಟ ತನಗೇ ಸಿಗಬೇಕಿತ್ತು ಅಂತ ರಷ್ಯಾದವರ ಬಾಗಿಲು ಬಡಿದು ಬಂದವನು ಅವನು. ಜೊತೆಗೆ ಲಾಮಾ ಲೋಜಾಂಗ್ ಜಲ್ಚಿನ್. ಇವರು ಸೇರಿ ಹುಡುಗನ ತಲೆ ಕೆಡಿಸಿದರು ಅಂತ ಹೇಳುವವರೂ ಇದ್ದಾರೆ.

ಇನ್ನೊಂದು, ಯುದ್ಧ. 1768ರಲ್ಲಿ ತುರ್ಕರ ಜೊತೆ ಯುದ್ಧ ಶುರುವಾದಾಗ ರಷ್ಯಾದ ಆಗಿನ ರಾಜಧಾನಿ ಪೀಟರ್ಸ್‌ಬರ್ಗ್ 20,000 ಸವಾರರನ್ನು ಕೇಳಿತು. ಉಬಾಶಿ ಅದರ ಅರ್ಧದಷ್ಟು ಜನರ ಜೊತೆ ಹೋದ. ಕುಬಾನ್ ಕಡೆ ಚೆನ್ನಾಗೇ ಹೋರಾಡಿದರು. ಆದರೂ ರಷ್ಯಾದ ಸೇನಾಪತಿ ಜೊತೆ ಮನಸ್ತಾಪ ಆಗಿ ಮಂದಿಯನ್ನು ಕರೆದುಕೊಂಡು ವಾಪಸ್ ಬಂದುಬಿಟ್ಟ. ನನ್ನ ಪ್ರಕಾರ ಕೊನೆಯ ಕಿಡಿ ಅದು. ಸವಾರರೆಲ್ಲ ಯುದ್ಧದಲ್ಲಿದ್ದರೆ ಮನೆಯ ಮಂದೆ ಕಾಯುವವರು ಯಾರು, ಕಜಾಕರು ಪಕ್ಕದಲ್ಲೇ ಇರುವಾಗ?

ಇತಿಹಾಸಪ್ರಿಯೆ

ತಲೆ ಕೆಡಿಸಿದರು ಅನ್ನುವುದನ್ನು ನಾನು ಒಪ್ಪೋದಿಲ್ಲ. ಇಬ್ಬರು ಪಿಸುಗುಟ್ಟಿದರೆ ಒಂದೂವರೆ ಲಕ್ಷ ಜನ ಚಳಿಗಾಲದಲ್ಲಿ ಹೆಂಡತಿ ಮಕ್ಕಳ ಸಮೇತ ಹೊರಡುತ್ತಾರಾ? ಅದು ಆಮೇಲೆ ರಷ್ಯಾದ ಅಧಿಕಾರಿಗಳಿಗೆ ಅನುಕೂಲವಾದ ವಿವರಣೆ. ತಪ್ಪು ತಮ್ಮದಲ್ಲ ಅನ್ನೋಕೆ.

ಆಯುಕನ ಮುದ್ರೆ ಲಾಸಾದಿಂದ ಬಂತು ಅಂದೆನಲ್ಲ, ಈಗ ಅದರ ಮುಂದಿನದು ನೋಡಿ. ಅವನು ಸತ್ತ ಕೂಡಲೇ ಅಸ್ತ್ರಾಖಾನ್ ಗವರ್ನರ್ ವೊಲಿನ್ಸ್ಕಿ ಉತ್ತರಾಧಿಕಾರದಲ್ಲಿ ಕೈಯಾಡಿಸಿದ. ಮಗ ಚೆರೆನ್ ದೊಂದುಕ್‌ಗೆ ಸಿಕ್ಕಿದ್ದು ಖಾನ್ ಪದವಿ ಅಲ್ಲ, ರಷ್ಯಾದ ದೊರೆಯ ಪ್ರತಿನಿಧಿ ಅನ್ನುವ ಹುದ್ದೆ. ಖಾನ್ ಪಟ್ಟ ಅವನಿಗೆ ಸಿಕ್ಕಿದ್ದು ಏಳು ವರ್ಷದ ಮೇಲೆ, ಅದೂ ಪೀಟರ್ಸ್‌ಬರ್ಗ್ ಕೊಟ್ಟಿದ್ದು. ಅವನನ್ನು ಒಪ್ಪದ ದೊಂದುಕ್ ಓಂಬೋ ಕುಬಾನ್‌ಗೆ ಹೋಗಿ ಕೂತ. ಕೊನೆಗೆ ರಷ್ಯಾವೇ ಅವನನ್ನು ಕರೆಸಿ 1735ರಲ್ಲಿ ಪಟ್ಟಕ್ಕೆ ಕೂರಿಸಿತು. ಆಮೇಲೆ ಬಂದ ದೊಂದುಕ್ ದಾಶಿಯ ಮಗನನ್ನು ಒತ್ತೆಯಾಳಾಗಿ ಅಸ್ತ್ರಾಖಾನ್‌ನಲ್ಲಿ ಇಟ್ಟುಕೊಂಡರು. ಆ ಹುಡುಗ 1744ರಲ್ಲಿ ಅಲ್ಲೇ ತೀರಿಕೊಂಡ. ಒತ್ತೆಯಾಗಿ ಕೊಟ್ಟ ಮಗನ ಹೆಣ ನೋಡಿದ ಅಪ್ಪ ಆ ಗವರ್ನರ್ ಮುಖ ಹೇಗೆ ನೋಡಿರಬೇಕು! ಉಬಾಶಿ ಅದೇ ದೊಂದುಕ್ ದಾಶಿಯ ಇನ್ನೊಬ್ಬ ಮಗ.

ಇನ್ನು 1762. ಜರ್ಗೊ ಅಂದರೆ ಖಾನನ ನ್ಯಾಯಸಭೆ. ಅದರಲ್ಲಿ ಎಂಟು ಜನ, ಎಲ್ಲರೂ ಖಾನನ ಸ್ವಂತ ಉಲುಸಿನವರು, ಅವನು ಹೇಳಿದವರು. ಉಬಾಶಿಯನ್ನು ಪಟ್ಟಕ್ಕೆ ಒಪ್ಪುವಾಗಲೇ ರಷ್ಯಾ ನಿಯಮ ಬದಲಾಯಿಸಿತು. ಇನ್ನು ಮುಂದೆ ಜರ್ಗೊದಲ್ಲಿ ಎಲ್ಲ ಉಲುಸಿನವರೂ ಇರಬೇಕು, ತೀರ್ಮಾನ ಬಹುಮತದಿಂದ, ಉಬಾಶಿ ಒಬ್ಬನೇ ಅದನ್ನು ಬದಲಾಯಿಸುವಂತಿಲ್ಲ. ಕೇಳೋಕೆ ಚೆನ್ನಾಗಿದೆ, ಪ್ರಜಾಪ್ರಭುತ್ವದ ಹಾಗೆ. ಆದರೆ ಭಿನ್ನಾಭಿಪ್ರಾಯ ಬಂದರೆ ಮಾತು ಹೋಗುವುದು ರಷ್ಯಾದ ಅಧಿಕಾರಿಯ ಮುಂದೆ. ಆಯುಕನಂಥವನು ಇಂಥದ್ದಕ್ಕೆ ಒಪ್ಪುತ್ತಿದ್ದನಾ? ಹುಲ್ಲು ಹೋದದ್ದು ಜನಕ್ಕೆ ನೋವು. ಜರ್ಗೊ ಹೋದದ್ದು ನಾಯಕನಿಗೆ ನೋವು. 1771ರಲ್ಲಿ ಎರಡೂ ಒಂದೇ ಕಡೆ ಸೇರಿದವು.

ಮುಂಡಗೋಡಿನವನು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನಮ್ಮ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಡ್ರೆಪುಂಗ್ ಗೊಮಾಂಗ್ ಮಠ ಇದೆ. ಲಾಸಾದಲ್ಲಿದ್ದ ಕಾಲದಿಂದಲೂ ಮಂಗೋಲಿಯಾ, ರಷ್ಯಾದೊಳಗಿನ ಬುರ್ಯಾತಿಯಾ, ಕಲ್ಮಿಕಿಯಾ ಕಡೆಯವರು ಓದಲು ಹೋಗುತ್ತಿದ್ದ ಮಠ ಅದು. ಇವತ್ತಿಗೂ ಕಲ್ಮಿಕ್ ಹುಡುಗರು ಉತ್ತರ ಕನ್ನಡದ ಈ ಮೂಲೆಗೆ ಬಂದು ವರ್ಷಗಟ್ಟಲೆ ಓದುತ್ತಾರೆ. 1992ರಿಂದ 2023ರ ಜನವರಿವರೆಗೆ ಕಲ್ಮಿಕಿಯಾದ ಮುಖ್ಯ ಲಾಮಾ ಆಗಿದ್ದ ತೆಲೊ ತುಲ್ಕು ರಿನ್‌ಪೋಚೆ ಅಮೆರಿಕದಲ್ಲಿ ಕಲ್ಮಿಕ್ ಕುಟುಂಬದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು ಗೊಮಾಂಗ್‌ನಲ್ಲೇ ಓದಿದವರು. ಉಕ್ರೇನ್ ಯುದ್ಧದ ವಿರುದ್ಧ ಮಾತಾಡಿದ ಮೇಲೆ ರಷ್ಯಾ ಅವರನ್ನು ವಿದೇಶಿ ಏಜೆಂಟ್ ಅಂತ ಪಟ್ಟಿಗೆ ಸೇರಿಸಿತು, ಅವರು ಹುದ್ದೆ ಬಿಟ್ಟರು.

ಇತಿಹಾಸಪ್ರಿಯೆ ಮೇಡಂ ಮುದ್ರೆ ಎಲ್ಲಿಂದ ಬಂತು ಅಂತ ಒತ್ತಿ ಹೇಳಿದ್ದು ನನಗೆ ಅದಕ್ಕೇ ಮುಖ್ಯ ಅನ್ನಿಸಿತು. ಗುರುವನ್ನು ಹೊರಗೆ ಹುಡುಕುವ ಜನ ಅಂದರೆ ಆ ಕಾಲದ ಗವರ್ನರ್‌ಗಳಿಗೂ ಸಂಶಯವೇ. ಟಿಬೆಟ್ ಯಾತ್ರೆಗೆ ಹೋಗಬೇಕಾದರೂ ರಷ್ಯಾದ ಅನುಮತಿ ಬೇಕಾಗಿತ್ತಲ್ವಾ?

ಇತಿಹಾಸಪ್ರಿಯೆ

ಹೌದು, ಬೇಕಾಗಿತ್ತು. ಆಯುಕನ ಬಂಧು ಅರಬ್‌ಜುರ್ 1698ರಲ್ಲಿ ತಾಯಿಯ ಜೊತೆ ಟಿಬೆಟ್ ಯಾತ್ರೆಗೆ ಹೋದವನು ವಾಪಸ್ ಬರಲೇ ಇಲ್ಲ. ದಾರಿಯಲ್ಲಿ ಜುಂಗಾರರ (ಪೂರ್ವದಲ್ಲೇ ಉಳಿದಿದ್ದ ಓಯಿರಾತರು) ಜೊತೆ ಜಗಳ, ಕೊನೆಗೆ ಚೀನಾದ ಚಿಂಗ್ ದೊರೆಯೇ ಅವನಿಗೆ ಜಾಗ ಕೊಟ್ಟು ಇಟ್ಟುಕೊಂಡ. ಅದೇ ನೆಪದಲ್ಲಿ ಬೀಜಿಂಗ್‌ನಿಂದ ತುಲಿಷೆನ್ ಎಂಬ ರಾಯಭಾರಿ ಸೈಬೀರಿಯಾ ದಾಟಿ 1714ರಲ್ಲಿ ವೋಲ್ಗಾಗೆ ಬಂದ. ಆಯುಕ ಅವನ ಹತ್ತಿರ, ಮಂಚೂಗಳ (ಚಿಂಗ್ ದೊರೆಗಳ ಜನ) ಉಡುಗೆ ನಮ್ಮದರ ಹಾಗೇ ಇದೆ, ರಷ್ಯಾದವರ ಉಡುಗೆ, ಮಾತು ಎಲ್ಲ ಬೇರೆ ಅನ್ನುವ ಅರ್ಥದ ಮಾತಾಡಿದನಂತೆ. ಪೂರ್ವದ ಬಾಗಿಲು ಆವಾಗಿಂದಲೂ ಅವರ ಮನಸ್ಸಿನಲ್ಲಿ ತೆರೆದೇ ಇತ್ತು.

ಪ್ರಶ್ನೆಗಾರ

ಹೊರಟ ಮೇಲೆ ಏನಾಯಿತು? ರಷ್ಯಾ ತಡೆಯಲಿಲ್ಲವಾ? ಅಷ್ಟು ಜನ ಹೊರಡುವುದು ಮೊದಲೇ ಗೊತ್ತಾಗಲಿಲ್ಲವಾ?

ಹುಲ್ಲುಗಾವಲ ದಾರಿ

ಗೊತ್ತಾಗಿತ್ತು! ಖೊಶೂತ್ ಎಂಬ ಇನ್ನೊಂದು ಓಯಿರಾತ್ ಪಂಗಡದ ನಾಯಕ ಜಮ್ಯಾನ್ ಅಸ್ತ್ರಾಖಾನ್ ಗವರ್ನರ್ ಬೆಕೆತೋವ್‌ಗೆ ಮೊದಲೇ ಸುಳಿವು ಕೊಟ್ಟಿದ್ದ. ಆದರೆ ಉಬಾಶಿ ಜೊತೆಗಿದ್ದ ರಷ್ಯಾದ ಅಧಿಕಾರಿ ಕಿಶೆನ್ಸ್ಕೊಯ್ ಅದನ್ನು ನಂಬಲಿಲ್ಲ. ಕಜಾಕರ ಮೇಲೆ ದಂಡೆತ್ತುತ್ತೇವೆ ಅನ್ನುವ ನೆಪದಲ್ಲಿ ಉಬಾಶಿ ಜನ ಸೇರಿಸಿದ. ವೋಲ್ಗಾ ಹೆಪ್ಪುಗಟ್ಟಿದ ಮೇಲೆ ಪಶ್ಚಿಮ ದಡದವರೂ ದಾಟಿ ಬಂದು ಎಲ್ಲರೂ ಒಟ್ಟಿಗೆ ಹೋಗಬೇಕು ಅನ್ನುವ ಯೋಚನೆ. ಆ ವರ್ಷ ನದಿ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ. ಕಾದರೆ ಗುಟ್ಟು ರಟ್ಟಾಗುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಆಚೆ ದಡದಲ್ಲೇ ಬಿಟ್ಟು ಪೂರ್ವ ದಡದವರು ಹೊರಟರು. ಅಣ್ಣ ಈ ದಡ, ತಮ್ಮ ಆ ದಡ. ಇವತ್ತಿನ ಕಲ್ಮಿಕಿಯಾದ ಜನ ಬಹುಪಾಲು ಆ ಉಳಿದವರ ವಂಶ.

ಯಾಯಿಕ್ ಕೊಸಾಕರಿಗೆ ಬೆನ್ನಟ್ಟಲು ಅಪ್ಪಣೆ ಹೋಯಿತು. ಅವರಿಗೆ ಸರ್ಕಾರದ ಮೇಲೆ ಮೊದಲೇ ಸಿಟ್ಟು, ನಾವು ಹೋಗಲ್ಲ ಅಂದರು. ಆ ಅವಿಧೇಯತೆಯ ವಿಚಾರಣೆ ದೊಡ್ಡದಾಗಿ 1772ರ ಜನವರಿಯಲ್ಲಿ ದಂಗೆಯೇ ಆಯಿತು, ಜನರಲ್ ತ್ರೌಬೆನ್‌ಬರ್ಗ್ ಕೊಲೆಯಾದ. ಮುಂದಿನ ವರ್ಷ ಅದೇ ಕೊಸಾಕರ ನಡುವಿನಿಂದ ಪುಗಚೋವ್ ಎದ್ದ. ಕಲ್ಮಿಕರು ಹೊರಟಿದ್ದಕ್ಕೂ ಕ್ಯಾಥರೀನ್ ಕಂಡ ಅತಿ ದೊಡ್ಡ ದಂಗೆಗೂ ನಂಟಿದೆ. ಇದನ್ನು ಎಲ್ಲೂ ಜಾಸ್ತಿ ಹೇಳೋದಿಲ್ಲ.

ಕಲ್ಮಿಕರಿಗೆ ದಾರಿಯಲ್ಲಿ ಕಾದಿದ್ದು ಕಜಾಕರು. ಕಿರಿಯ ಪಂಗಡದ ನೂರಾಲಿ ಖಾನ್, ನಡುವಿನ ಪಂಗಡದ ಅಬ್ಲಾಯ್. ಹಳೇ ಲೆಕ್ಕ ತೀರಿಸುವುದಕ್ಕೆ ಇದಕ್ಕಿಂತ ಒಳ್ಳೇ ಸಮಯ ಅವರಿಗೆ ಸಿಗುತ್ತಿರಲಿಲ್ಲ. ಬಾಲ್ಖಾಶ್ ಸರೋವರದ ಹತ್ತಿರ ಮೊಯಿಂಟಿ ನದಿ ಬಳಿ ಪೂರ್ತಿ ಸುತ್ತುವರಿದರು. ಉಬಾಶಿ ಸಂಧಾನದ ಮಾತಾಡುತ್ತಾ ಮೂರು ದಿನ ತಳ್ಳಿದ. ಜನ ದಣಿವಾರಿಸಿಕೊಂಡರು. ಆಮೇಲೆ ರಾತ್ರಿ ನುಗ್ಗಿ ಒಡೆದು ಹೊರಬಂದರು. ಮುಂದೆ ನೀರಿಲ್ಲದ ಬಯಲು, ಅಲ್ಲಿ ದನದ ರಕ್ತ ಕುಡಿದು ಬದುಕಿದರು.

ಚಿಂಗ್ ಅಧಿಕಾರಿಗಳು ಇವರನ್ನು ಒಳಗೆ ಬಿಟ್ಟುಕೊಂಡರು. ಜುಂಗಾರರನ್ನು ಚಿಂಗ್ ಸೇನೆ 1750ರ ದಶಕದಲ್ಲಿ ನಾಶ ಮಾಡಿದ್ದರಿಂದ ಇಲಿ ಬಯಲು ಖಾಲಿ ಬಿದ್ದಿತ್ತು. ದನ ಕುರಿ, ಧಾನ್ಯ, ಇಟ್ಟಿಗೆಯಂಥ ಚಹಾ, ಐವತ್ತು ಸಾವಿರಕ್ಕೂ ಮೀರಿ ಕುರಿತೊಗಲಿನ ಕೋಟು, ನಾನೂರಕ್ಕೂ ಜಾಸ್ತಿ ಗುಡಾರ ಕೊಟ್ಟರು. ಉಬಾಶಿಯನ್ನು ಚಿಯೆನ್‌ಲುಂಗ್ ದೊರೆ ಚೆಂಗ್ಡೆಯ ಬೇಸಿಗೆ ಅರಮನೆಗೆ ಕರೆಸಿ ಗೌರವಿಸಿದ. ಈ ಘಟನೆಯ ಬಗ್ಗೆ ದೊರೆ ಕೆತ್ತಿಸಿದ ಶಾಸನಗಳು ಅಲ್ಲಿನ ಪುತುವೊ ಜೊಂಗ್‌ಚೆಂಗ್ ದೇವಾಲಯದಲ್ಲಿ ಇಂದಿಗೂ ಇವೆ, ಮಂಚೂ, ಚೀನೀ, ಮಂಗೋಲ್, ಟಿಬೆಟನ್ ನಾಲ್ಕೂ ಭಾಷೆಯಲ್ಲಿ. ವಾಪಸ್ ಕಳಿಸಿ ಅಂತ ರಷ್ಯಾ ಕೇಳಿತು, ಚಿಂಗ್ ಒಪ್ಪಲಿಲ್ಲ.

ಆದರೆ ಬಂದವರನ್ನು ಬೇರೆ ಬೇರೆ ತುಕಡಿ ಮಾಡಿ ಬೇರೆ ಬೇರೆ ಕಡೆ ಕೂರಿಸಿದರು. ಪ್ರತಿ ತುಕಡಿಗೂ ಗಡಿ ಹಾಕಿದ ಹುಲ್ಲುಗಾವಲು. ವೋಲ್ಗಾದಲ್ಲಿ ಯಾವುದರಿಂದ ತಪ್ಪಿಸಿಕೊಂಡರೋ ಅದು ಇಲ್ಲೂ ಇತ್ತು. ಉಬಾಶಿ ಬಂದ ಕೆಲವೇ ವರ್ಷಕ್ಕೆ ತೀರಿಕೊಂಡ.

ತುಂಗಾತೀರ

ಓದಿ ಹೊಟ್ಟೆ ಚುರುಕ್ ಅಂತು. ಆಚೆ ದಡದಲ್ಲಿ ಉಳಿದವರ ಕಥೆಯನ್ನೂ ಯಾರಾದರೂ ಬರೆಯಿರಿ. ಅವರ ಮೇಲೆ ರಷ್ಯಾ ಸೇಡು ತೀರಿಸಿಕೊಂಡಿತಾ?

ಕೋಟೆ ಕೊತ್ತಲ

1771ರ ಅಕ್ಟೋಬರ್‌ನಲ್ಲೇ ಕ್ಯಾಥರೀನ್ ಕಲ್ಮಿಕ್ ಖಾನ್ ಪಟ್ಟವನ್ನೇ ರದ್ದು ಮಾಡಿದಳು. ಉಲುಸುಗಳು ನೇರ ಅಸ್ತ್ರಾಖಾನ್ ಆಡಳಿತದ ಕೆಳಗೆ ಬಂದವು. ಆದರೂ ಸೇನೆಗೆ ಅವರು ಬೇಕೇ ಬೇಕು. 1812ರಲ್ಲಿ ನೆಪೋಲಿಯನ್ ವಿರುದ್ಧ ಕಲ್ಮಿಕ್ ರೆಜಿಮೆಂಟುಗಳು ಹೋದವು, 1814ರಲ್ಲಿ ಪ್ಯಾರಿಸ್ ಬೀದಿಯಲ್ಲಿ ಒಂಟೆಗಳ ಸಮೇತ ಕಾಣಿಸಿಕೊಂಡವು. ಒಂದು ರೆಜಿಮೆಂಟಿನ ನಾಯಕ ಸೆರೆಬ್‌ಜಾಬ್ ತ್ಯುಮೆನ್ ಯುದ್ಧದಿಂದ ಬಂದ ಮೇಲೆ ವೋಲ್ಗಾ ದಡದಲ್ಲಿ ಇಟ್ಟಿಗೆಯ ಬೌದ್ಧ ದೇವಾಲಯ ಕಟ್ಟಿಸಿದ. ಅಸ್ತ್ರಾಖಾನ್ ಪ್ರಾಂತ್ಯದ ರೆಚ್ನೊಯೆ ಹಳ್ಳಿಯಲ್ಲಿ ಅದು ಈಗಲೂ ನಿಂತಿದೆ. ಮುಂದೆ ಗೋಡೆ ಗೋಪುರ, ಎರಡೂ ಕಡೆ ಬಾಗಿದ ಮೊಗಸಾಲೆ ಇತ್ತು, ಅವು ಸೋವಿಯತ್ ಕಾಲದಲ್ಲಿ ಹೋದವು.

ಇತಿಹಾಸಪ್ರಿಯೆ

ಸೇಡಿನ ಮಾತು ಬಂತಲ್ಲ, 1943 ಬಿಟ್ಟು ಹೋಗಬಾರದು. ಜರ್ಮನ್ ಸೇನೆಯ ಜೊತೆ ಸೇರಿದರು ಅನ್ನುವ ಆರೋಪ ಇಡೀ ಜನಾಂಗದ ಮೇಲೆ ಹೊರಿಸಿ ಸ್ಟಾಲಿನ್ ಸರ್ಕಾರ ಡಿಸೆಂಬರ್ 28ರ ಬೆಳಗ್ಗೆ ಕಲ್ಮಿಕರನ್ನು ಮನೆಯಿಂದ ಹೊರಡಿಸಿ ರೈಲಿನ ದನದ ಡಬ್ಬಿಗಳಲ್ಲಿ ಸೈಬೀರಿಯಾಕ್ಕೆ ಸಾಗಿಸಿತು. ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಕೆಂಪು ಸೇನೆಯಲ್ಲಿ ಹೋರಾಡುತ್ತಿದ್ದ ಕಲ್ಮಿಕರನ್ನೂ ರಣರಂಗದಿಂದ ಕರೆಸಿ ಕಳಿಸಿದರು. ಮತ್ತೆ ಊರಿಗೆ ಬರಲು ದಾರಿಯಾದದ್ದು 1957ರಲ್ಲಿ. ಅಷ್ಟರಲ್ಲಿ ಸಾವಿರಾರು ಜನ ಸತ್ತಿದ್ದರು, ದೇವಾಲಯ ಯಾವುದೂ ನಡೆಯುತ್ತಿರಲಿಲ್ಲ. ಈಗ ಕಲ್ಮಿಕಿಯಾದ ರಾಜಧಾನಿ ಎಲಿಸ್ತಾದಲ್ಲಿ ದೊಡ್ಡ ದೇವಾಲಯ ಇದೆ, 2005ರಲ್ಲಿ ಕಟ್ಟಿದ್ದು. ಮುಂಡಗೋಡಿನವರೇ, ಗೊಮಾಂಗ್‌ನಲ್ಲಿ ಓದಿದ ಕಲ್ಮಿಕ್ ಭಿಕ್ಷುಗಳಲ್ಲಿ ಊರಿಗೆ ಮರಳಿದವರು ಅಲ್ಲಿ ಏನೇನು ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ ಬರೆದರೆ ತುಂಬಾ ಉಪಕಾರ.

ಮುಂಡಗೋಡಿನವನು

ಖಂಡಿತ ಕೇಳುತ್ತೇನೆ ಮೇಡಂ. ಮಠದಲ್ಲಿ ಪರಿಚಯದವರಿದ್ದಾರೆ. ಚೀನಾ ಕಡೆ ಹೋದ ತೊರ್ಗುತರ ಬಗ್ಗೆಯೂ ಕೇಳಬೇಕು ಅಂತಿದ್ದೇನೆ. ಅವರ ವಂಶದವರು ಇವತ್ತಿಗೂ ಶಿನ್‌ಜಿಯಾಂಗ್‌ನ ಬಾಯಿಂಗೊಲಿನ್ ಕಡೆ ಇದ್ದಾರೆ. ಎರಡೂ ಕಡೆಯವರ ನಡುವೆ ಈಗ ಹೋಗಿಬರುವುದು ಇದೆಯಾ, ಮದುವೆ ಸಂಬಂಧ ಇದೆಯಾ ಅನ್ನುವುದನ್ನೂ ವಿಚಾರಿಸಿ ಇಲ್ಲೇ ಬರೆಯುತ್ತೇನೆ.